ರೊಟ್ಟಿ ಬಡಿಯುವವರ ಬಿಡುವಿನ ಲೆಕ್ಕ

ಹುಬ್ಬಳ್ಳಿಯ ಬಸ್ ನಿಲ್ದಾಣದ ಬಳಿ ಒಂದು ಖಾನಾವಳಿ ಇದೆಯೆಂದು ಊಹಿಸಿಕೊಳ್ಳೋಣ. ಬೆಳಿಗ್ಗೆ 6ಕ್ಕೆ ಹೊತ್ತಿದ ಒಲೆ ಆರುವುದು ರಾತ್ರಿ 10ಕ್ಕೆ. ಮಧ್ಯಾಹ್ನ 12ರಿಂದ 3ರವರೆಗೆ ರೊಟ್ಟಿ ಬಡಿಯಲು ಆರು ಜನ ಬೇಕು. ಸಂಜೆ 5ಕ್ಕೆ ಇಬ್ಬರು ಸಾಕು. ರಾತ್ರಿ 8ಕ್ಕೆ ಮತ್ತೆ ಐವರು ಬೇಕು. ಪ್ರತಿಯೊಬ್ಬರ ಪಾಳಿ 8 ತಾಸಿನದು. ಹಾಗಾದರೆ ಕಡಿಮೆಯೆಂದರೆ ಒಟ್ಟು ಎಷ್ಟು ಜನರನ್ನು, ಯಾವ ಯಾವ ಹೊತ್ತಿಗೆ ಕೆಲಸಕ್ಕೆ ಕರೆಯಬೇಕು?

ಈ ಬಗೆಯ ಪ್ರಶ್ನೆ ಗಣಿತಕ್ಕೆ ಬಂದದ್ದು ಟೋಲ್ ಗೇಟಿನಿಂದ. ನ್ಯೂಯಾರ್ಕ್ ಬಂದರು ಪ್ರಾಧಿಕಾರದ ಲೆಸ್ಲಿ ಈಡಿ 1954ರಲ್ಲಿ ಟೋಲ್ ಗೇಟುಗಳ ದಟ್ಟಣೆಯನ್ನು ಕುರಿತು ಬರೆದಾಗ, ಅದಕ್ಕೆ ಪ್ರತಿಕ್ರಿಯೆಯಾಗಿ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ಪಾಳಿ ಹಂಚಿಕೆಯನ್ನು ರೇಖೀಯ ಸಮಸ್ಯೆಯಾಗಿ, ಎಂದರೆ ಬರಿಯ ಕೂಡುವ ಲೆಕ್ಕಗಳ ಸಾಲಾಗಿ, ಬರೆದು ತೋರಿಸಿದರು. ಒಂದೊಂದು ಬಗೆಯ ಪಾಳಿಗೆ ಎಷ್ಟು ಜನ ಎಂಬುದು ಒಂದೊಂದು ಚರ, ಎಂದರೆ ಕಂಡುಹಿಡಿಯಬೇಕಾದ ಸಂಖ್ಯೆ. ದಿನದ ಪ್ರತಿ ಅರ್ಧ ತಾಸಿಗೂ ಆಗ ದುಡಿಯುತ್ತಿರುವವರ ಮೊತ್ತ ಬೇಕಾದಷ್ಟಕ್ಕಿಂತ ಕಡಿಮೆಯಾಗಬಾರದೆಂಬುದು ಒಂದೊಂದು ನಿಬಂಧನೆ.

ಬಿಡುವೇ ಇಲ್ಲದಿದ್ದರೆ ಈ ಲೆಕ್ಕ ಅಚ್ಚರಿಯಾಗುವಷ್ಟು ಸಲೀಸು. ಪಾಳಿಯನ್ನು ಅರ್ಧ ತಾಸಿನ ಮನೆಗಳ ಸಾಲಾಗಿ ಬರೆದರೆ, ದುಡಿಯುವ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಹೀಗಿರುವಾಗ, ರೇಖೀಯ ಸಮಸ್ಯೆಗಳನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನದಿಂದ ದೊರೆಯುವ ಉತ್ತರ ತಾನಾಗಿಯೇ ಪೂರ್ಣಾಂಕವಾಗಿರುತ್ತದೆ. ನಡುವೆ ಅರ್ಧ ತಾಸು ಊಟಕ್ಕೆಂದು ಒಂದು ಮನೆಯನ್ನು ಖಾಲಿ ಬಿಟ್ಟೊಡನೆ ಆ ಭರವಸೆ ಹೋಗುತ್ತದೆ. ಎರಡೂವರೆ ಜನರನ್ನು ಕರೆಯಿರಿ ಎನ್ನುವ ಉತ್ತರವೂ ಬರಬಹುದು; ಅರ್ಧ ಮನುಷ್ಯ ರೊಟ್ಟಿ ಬಡಿಯಲಾರನಾದ್ದರಿಂದ, ಪೂರ್ಣಾಂಕವೇ ಬೇಕೆಂದು ಹಟ ಹಿಡಿದು ಹೆಚ್ಚು ಶ್ರಮದ ಹುಡುಕಾಟಕ್ಕೆ ಇಳಿಯಬೇಕಾಗುತ್ತದೆ.

ಚರಗಳ ಸಂಖ್ಯೆಯೂ ಬೆಳೆಯುತ್ತದೆ. ನಮ್ಮ ಖಾನಾವಳಿಯಲ್ಲಿ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ಅರ್ಧರ್ಧ ತಾಸಿಗೆ ಒಂದರಂತೆ 17 ಬಗೆಯ ಪಾಳಿಗಳು ಶುರುವಾಗಬಹುದು. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿದ್ದಂತೆ, 5 ತಾಸಿಗಿಂತ ಹೆಚ್ಚು ಸತತವಾಗಿ ದುಡಿಸದೆ ಅರ್ಧ ತಾಸು ಬಿಡುವು ಕೊಡಬೇಕೆಂದರೆ, ಪ್ರತಿ ಪಾಳಿಯಲ್ಲೂ ಆ ಬಿಡುವಿಗೆ 6 ಜಾಗಗಳಿವೆ. ಒಟ್ಟು 102 ಚರಗಳಾದವು. ಊಟದ ಹಿಂದೊಂದು ಮುಂದೊಂದು ಚಹಾದ ಬಿಡುವನ್ನು, ಒಂದೊಂದಕ್ಕೆ ನಾಲ್ಕು ಜಾಗದಂತೆ ಸೇರಿಸಿದರೆ ಅದು 1,632 ಆಗುತ್ತದೆ.

1990ರಲ್ಲಿ ಬೆಕ್ಟೋಲ್ಡ್ ಮತ್ತು ಜೇಕಬ್ಸ್ ಎಂಬ ಸಂಶೋಧಕರು ಇದಕ್ಕೊಂದು ಜಾಣ ಉಪಾಯ ತೋರಿಸಿದರು. ಯಾರ ಬಿಡುವು ಯಾವಾಗ ಎಂದು ಮೊದಲೇ ಜೋಡಿಸದೆ, ಯಾವ ಪಾಳಿಗೆ ಎಷ್ಟು ಜನ, ಯಾವ ಹೊತ್ತಿಗೆ ಎಷ್ಟು ಜನ ಬಿಡುವಿನಲ್ಲಿ ಎಂಬುದನ್ನು ಬೇರೆ ಬೇರೆಯಾಗಿ ಎಣಿಸುವುದು. ಯಾವುದೇ ಹೊತ್ತಿಗೆ, ಬಿಡುವು ಪಡೆಯುವ ಗಡುವು ಮುಗಿದವರು ಎಷ್ಟು ಜನರೋ ಕನಿಷ್ಠ ಅಷ್ಟು ಬಿಡುವುಗಳು ಅಷ್ಟರೊಳಗೆ ಆಗಿರಬೇಕೆಂಬಂಥ ನಿಬಂಧನೆಗಳಿಂದ ಎರಡನ್ನೂ ಬೆಸೆಯುವುದು. ಊಟದ ಬಿಡುವಷ್ಟನ್ನೇ ತೆಗೆದುಕೊಂಡರೆ 17 ಪಾಳಿಗಳು ಮತ್ತು 22 ಬಿಡುವಿನ ಹೊತ್ತುಗಳು ಸೇರಿ ಚರಗಳು 39 ಮಾತ್ರ.

ಉತ್ತರವನ್ನು ಓದುವಾಗ ನನಗೆ ಹೆಚ್ಚು ಮುಖ್ಯವೆನಿಸುವುದು ಚರಗಳ ಉಳಿತಾಯವಲ್ಲ, ಯಾರು ಯಾವಾಗ ಉಣ್ಣುತ್ತಾರೆ ಎಂಬುದು. 6ಕ್ಕೆ ಬಂದವರು ಎಷ್ಟೇ ತಡವಾದರೂ 11ಕ್ಕೆ ಊಟಕ್ಕೆ ಏಳಬೇಕು, 10ಕ್ಕೆ ಬಂದವರು ಗಿರಾಕಿಗಳೆಲ್ಲ ಎದ್ದ ಮೇಲೆ 3ಕ್ಕೆ ಉಣ್ಣಬಹುದು. 5 ತಾಸಿನ ನಿಬಂಧನೆಯನ್ನು ಬರೆಯಲು ಮರೆತರೆ ಮಾತ್ರ, 6ಕ್ಕೆ ಬಂದವರನ್ನೂ ಇದೇ ಸಮೀಕರಣ ಯಾವ ಸಂಕೋಚವೂ ಇಲ್ಲದೆ ಪಾಳಿ ಮುಗಿಯುವ ತನಕ ಉಪವಾಸ ಕೂರಿಸೀತು.

ಇಷ್ಟಾದರೂ ಕಾಗದದ ಮೇಲಿರುವುದು ಬರಿಯ ಸಂಖ್ಯೆಗಳು. ಅವುಗಳಿಗೆ ಹೆಸರು ಹಚ್ಚುವುದು ಇನ್ನೊಂದು ಲೆಕ್ಕ: ಕುಂದಗೋಳದಿಂದ ಬಸ್ಸಿಗೆ ಬರುವವರು 6ಕ್ಕೆ ಮುಟ್ಟಲಾರರು, ಚಿಕ್ಕ ಮಕ್ಕಳಿರುವವರು ರಾತ್ರಿ 10ರ ತನಕ ನಿಲ್ಲಲಾರರು, ಅಮಾವಾಸ್ಯೆಯ ದಿನ ರಜೆ ಯಾರಿಗೆ ಎಂಬುದನ್ನೂ ಹೊಸ ನಿಬಂಧನೆಯಾಗಿ ಬರೆಯಬೇಕು.