ಎಂಜಿನ್ನಿನ ಉಸಿರು, ಲೋಹದ ತಾಳಿಕೆ

ಕಾರಿನ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಬೇಕೆಂದರೆ ಹೆಚ್ಚು ಪೆಟ್ರೋಲು ಉರಿಸಬೇಕು ಎಂಬುದು ಎಲ್ಲರಿಗೂ ಹೊಳೆಯುವ ಮಾತು. ಆದರೆ ಸಿಲಿಂಡರಿಗೆ ಪೆಟ್ರೋಲು ತಲುಪಿಸುವುದು ಕಷ್ಟದ ಕೆಲಸವಲ್ಲ. ಇಂಜೆಕ್ಟರನ್ನು ಇನ್ನೂ ಒಂದೆರಡು ಮಿಲಿಸೆಕೆಂಡು ತೆರೆದಿಟ್ಟರೆ ಅದು ಆಗಿಹೋಗುತ್ತದೆ. ಕಷ್ಟವಿರುವುದು ಅದನ್ನು ಉರಿಸಲು ಬೇಕಾದ ಗಾಳಿಯನ್ನು ಒಳಗೆ ತರುವುದರಲ್ಲಿ. ಒಂದು ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು, ಒಂದು ಲೀಟರ್ ಗಾಳಿಯಾದರೋ ತೂಗುವುದು ಬರೀ 1.2 ಗ್ರಾಂ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ ಬೇಕಾಗುತ್ತದೆ. ಆದ್ದರಿಂದ ಎಂಜಿನ್ನನ್ನು ಇಂಧನ ಕುಡಿಯುವ ಯಂತ್ರವೆನ್ನುವುದಕ್ಕಿಂತ ಗಾಳಿಯನ್ನು ಉಸಿರಾಡುವ ಯಂತ್ರವೆಂದು ನೋಡುವುದೇ ಸರಿ, ಮತ್ತು ಟ್ಯೂನಿಂಗ್ ಎಂಬ ವಿದ್ಯೆಯ ಬಹುಭಾಗ ಆ ಉಸಿರನ್ನು ಹಿಗ್ಗಿಸುವ ವಿದ್ಯೆಯೇ ಆಗಿದೆ.

ಎರಡು ಲೀಟರ್ ಗಾತ್ರದ ಎಂಜಿನ್ನೊಂದನ್ನು ತೆಗೆದುಕೊಳ್ಳೋಣ. ನಾಲ್ಕು ಹೊಡೆತಗಳ (ಫೋರ್ ಸ್ಟ್ರೋಕ್) ಎಂಜಿನ್ ಎರಡು ಸುತ್ತಿಗೆ ಒಮ್ಮೆ ಮಾತ್ರ ತನ್ನ ಪೂರ್ಣ ಗಾತ್ರದಷ್ಟು ಗಾಳಿ ಎಳೆದುಕೊಳ್ಳುವುದರಿಂದ, ನಿಮಿಷಕ್ಕೆ 6,000 ಸುತ್ತಿನಲ್ಲಿ ಅದು ಸೆಕೆಂಡಿಗೆ 100 ಲೀಟರ್, ಎಂದರೆ 120 ಗ್ರಾಂ ಗಾಳಿಯನ್ನು ಸೇವಿಸಬಲ್ಲದು. ಅಷ್ಟು ಗಾಳಿ ಸುಮಾರು 8.2 ಗ್ರಾಂ ಪೆಟ್ರೋಲನ್ನು ಉರಿಸುತ್ತದೆ. ಅದರಿಂದ ಹುಟ್ಟುವ ಶಾಖ ಸುಮಾರು 350 ಕಿಲೋವ್ಯಾಟ್. ಅದರಲ್ಲಿ ಶೇಕಡ 30ರಷ್ಟು, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟಿಗೆ ದಕ್ಕಿದರೆ 105 ಕಿಲೋವ್ಯಾಟ್, ಸುಮಾರು 140 ಅಶ್ವಶಕ್ತಿ. ಉಳಿದದ್ದು ಹೊಗೆಯೊಡನೆ, ರೇಡಿಯೇಟರಿನ ನೀರಿನೊಡನೆ, ಒಳಗಿನ ಘರ್ಷಣೆಯೊಡನೆ ಹೋಗಿಬಿಡುತ್ತದೆ. ಈ ಚಿಕ್ಕ ಲೆಕ್ಕದಲ್ಲೇ ಎಲ್ಲ ದಾರಿಗಳೂ ಕಾಣುತ್ತವೆ: ಎಂಜಿನ್ನಿನ ಗಾತ್ರ ಹೆಚ್ಚಿಸಬಹುದು, ಅದನ್ನು ಹೆಚ್ಚು ವೇಗವಾಗಿ ತಿರುಗಿಸಬಹುದು, ಪ್ರತಿ ಉಸಿರಿನಲ್ಲಿ ಹೆಚ್ಚು ಸಾಂದ್ರವಾದ ಗಾಳಿಯನ್ನು ತುಂಬಬಹುದು, ಇಲ್ಲವೇ ಆ ಶೇಕಡ 30ನ್ನು ಕೊಂಚ ಮೇಲಕ್ಕೆತ್ತಬಹುದು.

ಸಿಲಿಂಡರು ತನ್ನ ಗಾತ್ರದಷ್ಟು ಗಾಳಿಯನ್ನು ನಿಜವಾಗಿ ತುಂಬಿಕೊಳ್ಳುವುದು ಅಪರೂಪ. ಏರ್ ಫಿಲ್ಟರ್, ಥ್ರಾಟಲ್, ಒಳಹಾದಿಯ ತಿರುವುಗಳು, ಕವಾಟದ ಕಿರಿದಾದ ಬಾಯಿ, ಇವೆಲ್ಲವೂ ಗಾಳಿಯನ್ನು ತಡೆಯುತ್ತವೆ. ಆದರೆ ಗಾಳಿಗೂ ತೂಕವಿದೆ, ತೂಕವಿದ್ದುದಕ್ಕೆ ಜಡತ್ವವೂ ಇರುತ್ತದೆ. ವೇಗವಾಗಿ ನುಗ್ಗುತ್ತಿರುವ ಗಾಳಿಯ ಕಂಬವು ಪಿಸ್ಟನ್ ಕೆಳತುದಿ ತಲುಪಿ ಮೇಲೇಳತೊಡಗಿದ ಮೇಲೂ ತನ್ನ ಓಟದ ರಭಸದಿಂದಲೇ ಒಳಗೆ ಬರುತ್ತಿರುತ್ತದೆ. ಈ ಕಾರಣದಿಂದ ಒಳಗವಾಟವನ್ನು ತಡವಾಗಿ ಮುಚ್ಚುವ ಕ್ಯಾಮ್‌ಶಾಫ್ಟನ್ನು (ತನ್ನ ಉಬ್ಬುಗಳಿಂದ ಕವಾಟಗಳನ್ನು ತೆರೆದು ಮುಚ್ಚುವ ದಂಡವನ್ನು) ಜೋಡಿಸಿದರೆ ಹೆಚ್ಚಿನ ವೇಗದಲ್ಲಿ ಸಿಲಿಂಡರು ಚೆನ್ನಾಗಿ ತುಂಬುತ್ತದೆ. ಅದೇ ಕ್ಯಾಮ್ ನಿಧಾನಗತಿಯಲ್ಲಿ ತೊಂದರೆ ಕೊಡುತ್ತದೆ: ಅಲ್ಲಿ ಗಾಳಿಗೆ ರಭಸವಿಲ್ಲದ ಕಾರಣ ಮೇಲೇರುವ ಪಿಸ್ಟನ್ ಒಳಬಂದ ಗಾಳಿಯನ್ನು ಮರಳಿ ಹೊರಕ್ಕೆ ತಳ್ಳುತ್ತದೆ, ಐಡ್ಲಿಂಗಿನಲ್ಲಿ ಎಂಜಿನ್ ಮುಗ್ಗರಿಸುತ್ತದೆ, ಪಟ್ಟಣದ ಓಡಾಟದಲ್ಲಿ ಎಳೆತ ಕುಂದುತ್ತದೆ. ಕ್ಯಾಮ್ ಬದಲಿಸುವವರು ಹೊಸದಾಗಿ ಶಕ್ತಿಯನ್ನು ಗಳಿಸುತ್ತಾರೆ ಎನ್ನುವುದಕ್ಕಿಂತ ಕೆಳಗಿನ ಸುತ್ತುಗಳಲ್ಲಿದ್ದುದನ್ನು ಮೇಲಿನ ಸುತ್ತುಗಳಿಗೆ ಸಾಗಿಸುತ್ತಾರೆ ಎನ್ನುವುದು ಸತ್ಯಕ್ಕೆ ಹತ್ತಿರ. ಹೋಂಡಾ 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ತಂದ ವಿಟೆಕ್ ವ್ಯವಸ್ಥೆ ಇದೇ ಸಮಸ್ಯೆಗೆ ಕಂಡುಕೊಂಡ ಸೊಗಸಾದ ಉತ್ತರ. ಒಂದೇ ಶಾಫ್ಟಿನ ಮೇಲೆ ನಿಧಾನಗತಿಗೊಂದು, ವೇಗಕ್ಕೊಂದು ಎಂದು ಎರಡು ಬಗೆಯ ಕ್ಯಾಮ್ ಉಬ್ಬುಗಳನ್ನಿಟ್ಟು, ಆಯಿಲ್ ಒತ್ತಡದಿಂದ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದ ಆ 1.6 ಲೀಟರ್ ಎಂಜಿನ್ ಟರ್ಬೊ ಇಲ್ಲದೆಯೇ 160 ಅಶ್ವಶಕ್ತಿ ಕೊಟ್ಟಿತು.

ಸೈಲೆನ್ಸರ್ ಬದಲಿಸಿ ಸದ್ದು ಹೆಚ್ಚಿಸಿಕೊಂಡು ಶಕ್ತಿಯೂ ಹೆಚ್ಚಿತೆಂದು ನಂಬುವವರು ಬಹಳ ಮಂದಿ ಇದ್ದಾರೆ. ಒಳ್ಳೆಯ ಹೊರಹಾದಿಯ ಕೊಳವೆಗಳು ಒಂದು ಸಿಲಿಂಡರಿನ ಹೊಗೆಯ ಅಲೆಯಿಂದ ಮುಂದಿನ ಸಿಲಿಂಡರಿನ ಹೊಗೆಯನ್ನು ಸೆಳೆದುಕೊಳ್ಳುವಷ್ಟು ಲೆಕ್ಕಾಚಾರದಿಂದ ರೂಪುಗೊಂಡಿರುತ್ತವೆ. ಆ ಲೆಕ್ಕವಿಲ್ಲದ ಬರೀ ಗದ್ದಲಕ್ಕೆ ಹೆಚ್ಚಿನ ಅರ್ಥವಿಲ್ಲ.

ಉಸಿರಿನ ಮಿತಿಯನ್ನು ನಿಜವಾಗಿ ಮುರಿದದ್ದು ಟರ್ಬೊಚಾರ್ಜರ್. ಹೊರಹೋಗುವ ಹೊಗೆಯಲ್ಲಿ ವ್ಯರ್ಥವಾಗುವ ಶಕ್ತಿಯಿಂದ ಚಕ್ರವೊಂದನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ತುಂಬುವ ಈ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಮಾರಾಟದ ಕಾರಿಗೆ ಬರಲು 1962ರ ತನಕ ಕಾಯಬೇಕಾಯಿತು. ಇಲ್ಲೊಂದು ಲೆಕ್ಕವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಟರ್ಬೊ ಟ್ಯೂನಿಂಗಿನ ಮರ್ಮವೆಲ್ಲ ಅದರಲ್ಲಿದೆ. 27 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಹೊರಗಿನ ಒತ್ತಡದ 1.7 ಪಟ್ಟಿಗೆ ಒತ್ತಿದೆವೆನ್ನೋಣ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಗಾಳಿ ಒತ್ತುವ ಆ ಚಕ್ರದ, ಎಂದರೆ ಕಂಪ್ರೆಸರಿನ, ದಕ್ಷತೆ ಶೇಕಡ 70 ಇದ್ದರೆ ಅದರ ಉಷ್ಣತೆ ಸುಮಾರು 97 ಡಿಗ್ರಿಗೆ ಏರುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಒತ್ತಡ ಶೇಕಡ 70 ಹೆಚ್ಚಿದರೂ ಗಾಳಿಯ ತೂಕ ಹೆಚ್ಚುವುದು ಸುಮಾರು ಶೇಕಡ 38 ಮಾತ್ರ. ಅದೇ ಗಾಳಿಯನ್ನು ಇಂಟರ್‌ಕೂಲರಿನ ಮೂಲಕ ಹಾಯಿಸಿ 50 ಡಿಗ್ರಿಗೆ ತಂಪುಗೊಳಿಸಿದರೆ ಹೆಚ್ಚಳ ಶೇಕಡ 58ರ ಹತ್ತಿರ ಬರುತ್ತದೆ. ಟರ್ಬೊ ಒತ್ತಡವನ್ನು ಮತ್ತೆ ಮತ್ತೆ ಏರಿಸುವವರಿಗಿಂತ ಮೊದಲು ಇಂಟರ್‌ಕೂಲರನ್ನು ದೊಡ್ಡದಾಗಿಸುವವರನ್ನು ನಾನು ಹೆಚ್ಚು ನಂಬುತ್ತೇನೆ. ಅವರಿಗೆ ತಾವು ಮಾಡುತ್ತಿರುವುದೇನೆಂದು ಗೊತ್ತಿದೆ.

ಬಿಸಿ ಗಾಳಿಯ ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನೊಳಗೆ ಒಂದು ಅಂಚಿನಂತೆ ಹರಡುತ್ತಾ ಹೋಗುತ್ತದೆ. ಅದು ಇನ್ನೂ ತಲುಪದ ಮೂಲೆಯ ಮಿಶ್ರಣ ಅಷ್ಟರಲ್ಲಿ ಒತ್ತಡ ಮತ್ತು ಶಾಖ ತಾಳಲಾರದೆ ತಾನಾಗಿಯೇ ಒಮ್ಮೆಲೇ ಉರಿದುಬಿಟ್ಟರೆ, ಹುಟ್ಟುವ ಒತ್ತಡದ ಅಲೆಗಳು ಸುತ್ತಿಗೆಯಂತೆ ಲೋಹವನ್ನು ಬಡಿಯುತ್ತವೆ. ಇದೇ ನಾಕಿಂಗ್. ಪಿಸ್ಟನ್ನಿನ ಮೇಲ್ಮೈಗೆ ಅಂಟಿಕೊಂಡು ಅದನ್ನು ಕಾಪಾಡುತ್ತಿದ್ದ ತೆಳುವಾದ ಅನಿಲದ ಪದರವನ್ನು ಈ ಅಲೆಗಳು ಹರಿದುಹಾಕುವುದರಿಂದ ಶಾಖ ನೇರವಾಗಿ ಅಲ್ಯೂಮಿನಿಯಮ್ಮಿಗೆ ತಗಲುತ್ತದೆ. ತೀವ್ರವಾದ ನಾಕಿಂಗ್ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ನನ್ನು ಕೆಡಿಸಬಲ್ಲದು. ಇಂಧನದ ಆಕ್ಟೇನ್ ಸಂಖ್ಯೆ ಹೇಳುವುದು ಇದನ್ನು ತಡೆಯುವ ಗುಣವನ್ನೇ ಹೊರತು ಇಂಧನದಲ್ಲಿರುವ ಶಕ್ತಿಯನ್ನಲ್ಲ. ಸಾಮಾನ್ಯ ಪೆಟ್ರೋಲಿಗೆಂದು ರೂಪಿಸಿದ ಎಂಜಿನ್ನಿಗೆ ದುಬಾರಿ ಪೆಟ್ರೋಲು ತುಂಬಿಸಿದಾಗ ಬಹುಪಾಲು ಏನೂ ಬದಲಾಗದಿರುವುದು ಇದೇ ಕಾರಣಕ್ಕೆ.

ನಾಕಿಂಗ್ ಜತೆಗಿನ ಹೋರಾಟಕ್ಕೆ ಉದ್ದದ ಚರಿತ್ರೆಯಿದೆ. 1921ರಲ್ಲಿ ಜನರಲ್ ಮೋಟಾರ್ಸ್‌ನ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ಅದನ್ನು ಅಡಗಿಸಿದರು; ಆ ಸೀಸ ಗಾಳಿಗೆ ಬೆರೆತು ಮನುಷ್ಯರ ನರಗಳಿಗೆ ಮಾಡಿದ ಹಾನಿ ಅಪಾರ, ಕಾರುಗಳ ಪೆಟ್ರೋಲಿನಿಂದ ಅದು ಜಗತ್ತಿನಾದ್ಯಂತ ಮರೆಯಾದದ್ದು 2021ರಲ್ಲಷ್ಟೆ. 1962ರ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಬೇರೆ ದಾರಿ ಹಿಡಿಯಿತು. 3.5 ಲೀಟರಿನಿಂದ 215 ಅಶ್ವಶಕ್ತಿ ತೆಗೆಯುತ್ತಿದ್ದ ಆ ಟರ್ಬೊ ಎಂಜಿನ್ನಿಗೆ ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಸಿಂಪಡಿಸುತ್ತಿದ್ದರು. ದ್ರವ ಆವಿಯಾಗುವಾಗ ಶಾಖವನ್ನು ಹೀರಿಕೊಂಡು ನಾಕಿಂಗ್ ತಡೆಯುತ್ತಿತ್ತು. ಆ ದ್ರವದ ತೊಟ್ಟಿಯನ್ನು ತುಂಬಿಸುವ ಗೊಡವೆ ಅನೇಕ ಮಾಲೀಕರಿಗೆ ಬೇಡವಾಗಿ, ಕಾರು ಎರಡು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. ಆದರೆ ಅದರ ಹಿಂದಿನ ತತ್ವ ಇಂದಿಗೂ ಟ್ಯೂನರುಗಳ ಕೈಯಲ್ಲಿದೆ. ಗರಿಷ್ಠ ಶಕ್ತಿ ಬೇಕಾದಾಗ ಗಾಳಿ ಮತ್ತು ಪೆಟ್ರೋಲಿನ ಅನುಪಾತವನ್ನು 14.7ರಿಂದ 12.5ರ ಆಸುಪಾಸಿಗೆ ಇಳಿಸುವುದರಲ್ಲಿ, ಇರುವ ಆಮ್ಲಜನಕವನ್ನೆಲ್ಲ ಬಳಸುವ ಉದ್ದೇಶದ ಜತೆಗೆ, ಹೆಚ್ಚುವರಿ ಪೆಟ್ರೋಲಿನಿಂದ ಒಳಗನ್ನು ತಂಪಾಗಿಡುವ ಉದ್ದೇಶವೂ ಇದೆ.

ಇಸಿಯು ರೀಮ್ಯಾಪ್ ಎಂದು ಕರೆಯುವ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕದ ಪಟ್ಟಿಗಳನ್ನು (ಮ್ಯಾಪ್) ತಿದ್ದುವ ಕೆಲಸವನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ನಿಮಿಷಕ್ಕೆ 6,000 ಸುತ್ತಿನಲ್ಲಿ ಒಂದು ಸುತ್ತಿಗೆ ಸಿಗುವ ಕಾಲ ಸೆಕೆಂಡಿನ ನೂರನೇ ಒಂದು ಭಾಗ. ಜ್ವಾಲೆ ಹರಡಲು ಸಮಯ ಬೇಕಾದ್ದರಿಂದ ಪಿಸ್ಟನ್ ಮೇಲ್ತುದಿ ತಲುಪುವ ಮೊದಲೇ, ಕ್ರ್ಯಾಂಕ್‌ಶಾಫ್ಟಿನ ತಿರುವಿನ ಎಷ್ಟೋ ಡಿಗ್ರಿಗಳ ಮುಂಚೆ ಕಿಡಿ ಹಾರಿಸಬೇಕು. ಒತ್ತಡದ ಶಿಖರ ಮೇಲ್ತುದಿ ದಾಟಿ ಸುಮಾರು 15 ಡಿಗ್ರಿಯ ಹತ್ತಿರ ಬಂದರೆ ಪಿಸ್ಟನ್ನಿನ ಮೇಲೆ ಆದ ಒತ್ತುವಿಕೆ ಚೆನ್ನಾಗಿ ತಿರುಗುಬಲವಾಗಿ ಮಾರ್ಪಡುತ್ತದೆ. ತಯಾರಕರು ಕಿಡಿಯನ್ನು ಇದಕ್ಕಿಂತ ತುಸು ತಡವಾಗಿ ಇಟ್ಟಿರುವುದುಂಟು, ಏಕೆಂದರೆ ಅವರ ಎಂಜಿನ್ ಕಳಪೆ ಪೆಟ್ರೋಲಿನಲ್ಲೂ, ಕಡುಬೇಸಿಗೆಯಲ್ಲೂ, ತುಂಬಿದ ಭಾರ ಹೊತ್ತು ಘಟ್ಟ ಹತ್ತುವಾಗಲೂ ಬದುಕುಳಿಯಬೇಕು. ರೀಮ್ಯಾಪ್ ಮಾಡುವವರು ಮುಟ್ಟುವುದು ಈ ಉಳಿಕೆಯನ್ನೇ. ಟರ್ಬೊ ಇರುವ ಎಂಜಿನ್ನಿನಲ್ಲಿ ಒತ್ತಡದ ಮಿತಿಯನ್ನೂ ಬದಲಿಸಬಹುದಾದ್ದರಿಂದ ಗಣನೀಯ ಲಾಭ ಸಿಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ತುಂಬಿಸಲು ಹೆಚ್ಚುವರಿ ಗಾಳಿಯೇ ಇಲ್ಲದಿರುವುದರಿಂದ ಬರೀ ಮ್ಯಾಪಿನಿಂದ ದೊರೆಯುವುದು ಅಲ್ಪ. ಇದನ್ನು ಮೊದಲೇ ತಿಳಿಸದೆ ಎರಡಕ್ಕೂ ಒಂದೇ ಆಸೆ ಹುಟ್ಟಿಸುವುದು ತಪ್ಪು.

ಇನ್ನು ಲೋಹದ ಮಾತು. ಪಿಸ್ಟನ್ನಿನ ಓಟ 86 ಮಿಲಿಮೀಟರ್ ಇರುವ ಎಂಜಿನ್ 6,000 ಸುತ್ತಿನಲ್ಲಿ ತಿರುಗುವಾಗ, ಮೇಲ್ತುದಿಯಲ್ಲಿ ಪಿಸ್ಟನ್ನನ್ನು ತಡೆದು ಹಿಂದಕ್ಕೆಳೆಯಲು ಬೇಕಾದ ವೇಗೋತ್ಕರ್ಷ ಗುರುತ್ವದ ಸುಮಾರು 2,200 ಪಟ್ಟು. ಪಿನ್ನು, ರಿಂಗುಗಳೂ ಸೇರಿ 400 ಗ್ರಾಂ ತೂಗುವ ಪಿಸ್ಟನ್ ಆ ಕ್ಷಣದಲ್ಲಿ ತನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಸುಮಾರು 900 ಕಿಲೋಗ್ರಾಂ ಭಾರದಷ್ಟು ಜಗ್ಗುತ್ತದೆ. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 7,500 ಸುತ್ತಿನಲ್ಲಿ ಅದು 1,400 ಕಿಲೋಗ್ರಾಂ ಆಗುತ್ತದೆ. ಹೊಗೆ ಹೊರಹಾಕಿ ಮುಗಿದ ಘಳಿಗೆಯಲ್ಲಿ ಪಿಸ್ಟನ್ನನ್ನು ಕೆಳಕ್ಕೆ ಒತ್ತಲು ಅನಿಲದ ಆಸರೆಯೂ ಇರುವುದಿಲ್ಲ. ಇಡೀ ಎಳೆತ ಬೀಳುವುದು ರಾಡಿನ ಕೆಳತುದಿಯ ಎರಡು ಬೋಲ್ಟುಗಳ ಮೇಲೆ. ಟರ್ಬೊ ಒತ್ತಡ ಹೆಚ್ಚಿಸಿದಾಗ ಆಗುವ ಹೊರೆ ಬೇರೆ ಬಗೆಯದು, ಅಲ್ಲಿ ರಾಡು ಬಾಗುವಂತೆ ಒತ್ತಲ್ಪಡುತ್ತದೆ, ಅದೂ ಕಡಿಮೆ ಸುತ್ತಿನಲ್ಲಿ ಭಾರಿ ತಿರುಗುಬಲ ಕೇಳಿದಾಗ ಹೆಚ್ಚು. ಆದ್ದರಿಂದ ಗಟ್ಟಿ ಬೋಲ್ಟು ಬೇಕೋ ಗಟ್ಟಿ ರಾಡು ಬೇಕೋ ಎಂಬುದು ಶಕ್ತಿಯನ್ನು ಯಾವ ದಾರಿಯಿಂದ ತರುತ್ತಿದ್ದೇವೆ ಎಂಬುದನ್ನು ಅವಲಂಬಿಸಿರುತ್ತದೆ. ಬಡಿದು ರೂಪಿಸಿದ ಫೋರ್ಜ್ಡ್ ಪಿಸ್ಟನ್ನುಗಳು ಎರಕದವುಗಳಿಗಿಂತ ಹೆಚ್ಚು ಹೊಡೆತ ತಾಳುತ್ತವೆ. ಆದರೆ ಅವುಗಳಲ್ಲಿ ಹಲವು ಕಾದಾಗ ಹೆಚ್ಚು ಹಿಗ್ಗುವುದರಿಂದ ಸಿಲಿಂಡರಿನೊಡನೆ ಹೆಚ್ಚಿನ ಸಂದು ಬಿಡಬೇಕಾಗುತ್ತದೆ, ತಣ್ಣಗಿರುವಾಗ ಕಟಕಟ ಸದ್ದು ಮಾಡುತ್ತವೆ.

ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್ ಮತ್ತು ಆಯಿಲ್ ಕೂಲರ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಬ್ರೇಕನ್ನು ಮಾತ್ರ ಪ್ರತ್ಯೇಕವಾಗಿ ಹೇಳಲೇಬೇಕು: ಗಂಟೆಗೆ 100ರ ಬದಲು 130 ಕಿಲೋಮೀಟರ್ ವೇಗದಿಂದ ನಿಲ್ಲಿಸುವಾಗ ಅದು ನುಂಗಬೇಕಾದ ಶಾಖ ಶೇಕಡ 69 ಹೆಚ್ಚು. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತೆಸೆಯುವ ಚಾಳಿಯನ್ನು ನಾನು ಒಪ್ಪಲಾರೆ. ಅದರಿಂದ ಸಿಗುವ ಕೆಲವೇ ಅಶ್ವಶಕ್ತಿಯ ಬೆಲೆಯನ್ನು ಹಿಂದಿನಿಂದ ಬರುವವರು ತಮ್ಮ ಶ್ವಾಸಕೋಶದಿಂದ ತೆರುತ್ತಾರೆ.

ಟ್ಯೂನಿಂಗಿಗೆ ಮೊದಲು ಮಾಡಬೇಕಾದ ಕೆಲಸ ಅಳತೆ. ಪ್ರತಿ ಸಿಲಿಂಡರಿನ ಕಂಪ್ರೆಷನ್ ಪರೀಕ್ಷಿಸಿ ನಾಲ್ಕೂ ಸಮನಾಗಿವೆಯೇ ಎಂದು ನೋಡಬೇಕು, ಸವೆದ ಪ್ಲಗ್, ಸೋರುವ ಕೊಳವೆ, ಹಳೆಯ ಆಯಿಲ್ ಬದಲಿಸಬೇಕು, ಬಳಿಕ ಡೈನೊ (ಚಕ್ರಗಳಿಗೆ ತಲುಪುವ ಶಕ್ತಿಯನ್ನು ಅಳೆಯುವ ಯಂತ್ರ) ಮೇಲೆ ಕಾರನ್ನು ಓಡಿಸಿ ಈಗಿರುವ ಶಕ್ತಿ ಮತ್ತು ತಿರುಗುಬಲದ ರೇಖೆಗಳನ್ನು ದಾಖಲಿಸಬೇಕು. ಚಕ್ರಗಳಲ್ಲಿ ಅಳೆದ ಶಕ್ತಿ ತಯಾರಕರು ಹೇಳಿದ ಅಂಕಿಗಿಂತ ಕಡಿಮೆ ಬರುವುದು ಸಹಜ, ಏಕೆಂದರೆ ಅವರದು ಕ್ರ್ಯಾಂಕ್‌ಶಾಫ್ಟಿನ ಲೆಕ್ಕ, ನಡುವೆ ಗೇರುಗಳೂ ಟೈರುಗಳೂ ತಮ್ಮ ಪಾಲು ತಿನ್ನುತ್ತವೆ. ಗಾಳಿಯ ಉಷ್ಣತೆ ಬದಲಾದರೂ ಅಂಕಿ ಬದಲಾಗುವುದರಿಂದ ಕೆಲಸದ ನಂತರದ ಅಳತೆಯನ್ನು ಅದೇ ಡೈನೊ ಮೇಲೆ, ಅದೇ ಗೇರಿನಲ್ಲಿ, ಸಾಧ್ಯವಾದಷ್ಟು ಅಂಥದೇ ಹವೆಯಲ್ಲಿ ತೆಗೆಯಬೇಕು. ಆಗ ಎರಡು ರೇಖೆಗಳನ್ನು ಒಂದರ ಮೇಲೊಂದು ಇಟ್ಟರೆ, ಯಾವ ಸುತ್ತಿನಲ್ಲಿ ಏನು ದಕ್ಕಿತು, ಯಾವ ಸುತ್ತಿನಲ್ಲಿ ಏನು ಕೈಬಿಟ್ಟಿತು ಎಂಬುದು ಎದುರಿಗೇ ಕಾಣುತ್ತದೆ.