ಗ್ಯಾಲರಿಯೊಳಗೆ ಓಡಿದರೆ ಅದು ಕಲೆ ಹೇಗಾಗುತ್ತೆ?

ಓದುಗರ ಪ್ರಶ್ನೆ: ಲಂಡನ್ನಿನ ಒಂದು ಆರ್ಟ್ ಗ್ಯಾಲರಿಯಲ್ಲಿ ಯಾರೋ ಓಡೋದನ್ನೇ ಕಲಾಕೃತಿ ಅಂತ ತೋರಿಸಿದರಂತೆ. ಓಟ ಅಂದ್ರೆ ಕ್ರೀಡೆ ಅಲ್ವಾ? ಅದು ಕಲೆ ಹೇಗಾಗುತ್ತೆ?

ಇಂಥ ಪ್ರಶ್ನೆ ಆಗಾಗ ಬರುತ್ತದೆ. ಕೇಳುವವರ ಮಾತಿನಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ, ಕಲೆಯ ಹೆಸರಲ್ಲಿ ನಮಗೆ ಟೋಪಿ ಹಾಕ್ತಿದ್ದಾರಾ ಅಂತ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಈ ಓಟ ನನಗೆ ತುಂಬಾ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ಮೊದಲು ಅಲ್ಲಿ ನಡೆದದ್ದು ಏನು ಅಂತ ನೋಡೋಣ. 2008ರ ಜುಲೈನಿಂದ ನವೆಂಬರ್‌ವರೆಗೆ ಟೇಟ್ ಬ್ರಿಟನ್ ಗ್ಯಾಲರಿಯಲ್ಲಿ ಮಾರ್ಟಿನ್ ಕ್ರೀಡ್ ಎಂಬ ಕಲಾವಿದರ ಕೃತಿಯೊಂದಿತ್ತು. ಅದರ ಹೆಸರು 'ವರ್ಕ್ ನಂಬರ್ 850'. ಅವರು ತಮ್ಮ ಕೃತಿಗಳಿಗೆಲ್ಲ ಹೀಗೇ ನಂಬರ್ ಕೊಡುತ್ತಾರೆ. ಕೃತಿ ಇಷ್ಟೇ: 30 ಸೆಕೆಂಡಿಗೊಮ್ಮೆ ಒಬ್ಬರು ಗ್ಯಾಲರಿಯ ಈ ತುದಿಯಿಂದ ಆ ತುದಿಗೆ, ತಮ್ಮ ಕೈಲಾದಷ್ಟು ಜೋರಾಗಿ ಓಡಬೇಕು. ಪ್ರಾಣ ಉಳಿಸಿಕೊಳ್ಳೋಕೆ ಓಡುವ ಹಾಗೆ ಓಡಿ ಅಂತ ಕ್ರೀಡ್ ಓಟಗಾರರಿಗೆ ಹೇಳಿದ್ದರು. ಒಬ್ಬರು ಓಡಿ ಹೋದ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಖಾಲಿ. ಆಮೇಲೆ ಇನ್ನೊಬ್ಬರು. ನೋಡೋಕೆ ಬಂದ ಜನ ಅದೇ ಹಾದಿಯಲ್ಲಿ ಓಡಾಡುತ್ತಿದ್ದರು, ಓಟಗಾರರು ಅವರನ್ನು ತಪ್ಪಿಸಿಕೊಂಡು ನುಗ್ಗುತ್ತಿದ್ದರು.

ಆ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ನಡೆದದ್ದು ಟೇಟ್ ಬ್ರಿಟನ್ ಒಳಗಿನ ಡುವೀನ್ ಗ್ಯಾಲರಿಗಳಲ್ಲಿ. ಎತ್ತರದ ಕಂಬಗಳ, ಉದ್ದನೆಯ ಕಲ್ಲಿನ ಹಜಾರ ಅದು. 1937ರಲ್ಲಿ ತೆರೆದದ್ದು, ಶಿಲ್ಪಗಳನ್ನು ಇಡೋಕೆ ಅಂತಲೇ ಕಟ್ಟಿಸಿದ್ದು. ಅಂದರೆ ಅಲುಗಾಡದ ಮೈಗಳಿಗಾಗಿ ಕಟ್ಟಿದ ಜಾಗ. ಕಲ್ಲಿನಲ್ಲೋ ಕಂಚಿನಲ್ಲೋ ಮಾಡಿದ ಮನುಷ್ಯ ಅಲ್ಲಿ ನಿಂತಲ್ಲೇ ನಿಂತಿರಬೇಕು, ನಾವು ಸುತ್ತ ನಡೆದು ನೋಡಬೇಕು.

ಕ್ರೀಡಾಪಟುವಿನ ಮೈಯನ್ನು ಕಲೆ ಇವತ್ತು ಹಿಡಿದದ್ದಲ್ಲ. ಚಕ್ರ ಎಸೆಯೋಕೆ ಬಾಗಿ ನಿಂತಿರುವ ಗ್ರೀಕ್ ಶಿಲ್ಪದ ಚಿತ್ರ ನೀವು ನೋಡಿರುತ್ತೀರಿ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಮೈರಾನ್ ಅದನ್ನು ಕಂಚಿನಲ್ಲಿ ಮಾಡಿದ್ದ. ಮೂಲ ಉಳಿದಿಲ್ಲ, ಈಗ ಇರೋದು ರೋಮನ್ನರು ಅಮೃತಶಿಲೆಯಲ್ಲಿ ಮಾಡಿಕೊಂಡ ನಕಲುಗಳು. ಅವನ ಕೈ ಹಿಂದಕ್ಕೆ ಹೋಗಿದೆ, ಇನ್ನೇನು ತಿರುಗಬೇಕು, ಆದರೆ ಎರಡು ಸಾವಿರ ವರ್ಷ ಕಳೆದರೂ ಅವನು ತಿರುಗಿಲ್ಲ. ಶಿಲ್ಪದ ಶಕ್ತಿ ಅದು, ಮಿತಿಯೂ ಅದೇ. ಕ್ರೀಡ್ ಮಾಡಿದ್ದು ಒಂದು ಸಣ್ಣ ಬದಲಾವಣೆ. ಶಿಲ್ಪ ಇರಬೇಕಾದ ಜಾಗದಲ್ಲಿ ಜೀವಂತ ಮೈಯನ್ನು ಬಿಟ್ಟು, ಓಡು ಅಂದರು.

ಈ ಯೋಚನೆ ಅವರಿಗೆ ಬಂದ ಕತೆ ಚೆನ್ನಾಗಿದೆ. ಇಟಲಿಯ ಪಾಲೆರ್ಮೊ ಊರಿನಲ್ಲಿ ಕಪುಚಿನ್ ಸನ್ಯಾಸಿಗಳ ಮಠದ ಕೆಳಗೆ ಒಂದು ನೆಲಮಾಳಿಗೆ ಇದೆ. ಅಲ್ಲಿ ಒಣಗಿದ ಸಾವಿರಾರು ಹೆಣಗಳಿವೆ, ಎಷ್ಟೋ ಹೆಣಗಳನ್ನು ಒಳ್ಳೊಳ್ಳೆ ಬಟ್ಟೆ ತೊಡಿಸಿ ಗೋಡೆಗೆ ನಿಲ್ಲಿಸಿದ್ದಾರೆ. ಕ್ರೀಡ್ ಮತ್ತು ಗೆಳೆಯರು ಅಲ್ಲಿಗೆ ತಲುಪಿದಾಗ ಬಾಗಿಲು ಹಾಕೋಕೆ ಐದೇ ನಿಮಿಷ ಬಾಕಿ. ಬೇರೆ ದಾರಿಯಿಲ್ಲದೆ ಓಡುತ್ತಲೇ ನೋಡಿದರು. ಎಡಕ್ಕೂ ಬಲಕ್ಕೂ ಸತ್ತವರು, ನಡುವೆ ಏದುಸಿರು ಬಿಡುತ್ತಾ, ತಡೆಯಲಾಗದ ನಗು ನಗುತ್ತಾ ಓಡುತ್ತಿರುವ ಇವರು. ಸಾವು ಅಂದರೆ ಪೂರ್ತಿ ನಿಂತುಹೋಗುವುದು ಅಂತಾದರೆ, ಅಲುಗಾಟವೇ ಬದುಕಿನ ಗುರುತು. ಹಾಗಿದ್ದರೆ ಮನುಷ್ಯ ಓಡಬಹುದಾದ ಅತಿ ಜೋರಿನ ಓಟವೇ ಬದುಕಿನ ಅತಿ ದೊಡ್ಡ ಗುರುತು. ಕ್ರೀಡ್ ಅವರ ವಾದ ಹೆಚ್ಚುಕಮ್ಮಿ ಇಷ್ಟೇ. ನನಗಂತೂ ಇದರಲ್ಲಿ ತಪ್ಪು ಕಾಣುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಓಟ ಕ್ರೀಡೆಯಾಗಬೇಕಾದರೆ ಏನೇನು ಬೇಕು? ಸುಣ್ಣದ ಗೆರೆ ಬೇಕು, ಸೀಟಿ ಬೇಕು, ಗಡಿಯಾರ ಬೇಕು, ಪಕ್ಕದಲ್ಲಿ ಇನ್ನೊಬ್ಬ ಬೇಕು, ಕೊನೆಗೆ ಗೆದ್ದವರು ಯಾರು ಅಂತ ತೀರ್ಮಾನವಾಗಬೇಕು. ಶಾಲೆಯ ಕ್ರೀಡಾಕೂಟದಲ್ಲಿ ನಾವು ಕೂಗುವುದೂ ನಮ್ಮ ತಂಡದ ಹುಡುಗಿ ಎಷ್ಟನೆಯವಳಾಗಿ ಬರುತ್ತಾಳೆ ಅಂತಲೇ, ಅವಳ ಓಟವನ್ನು ಸರಿಯಾಗಿ ನೋಡಿರುವುದೇ ಇಲ್ಲ. ಕ್ರೀಡ್ ಅದನ್ನೆಲ್ಲ ತೆಗೆದುಬಿಟ್ಟರು. ಪದಕ ಇಲ್ಲ, ಸೋಲಿಲ್ಲ, ಟೈಮಿಂಗ್ ಇಲ್ಲ. ಉಳಿದದ್ದು ಹೆಜ್ಜೆಯ ಸದ್ದು, ಉಸಿರು, ಪಕ್ಕದಲ್ಲಿ ಹಾದುಹೋದಾಗ ಬೀಸಿದ ಗಾಳಿ. ಏನೂ ಸಿಗದಿದ್ದರೂ ಪೂರ್ತಿ ಜೀವ ಹಾಕಿ ಓಡುವ ಒಬ್ಬ ಮನುಷ್ಯ. ಕ್ರೀಡಾ ಮನೋಭಾವ ಅಂತ ನಾವು ಭಾಷಣದಲ್ಲಿ ಹೇಳುವುದನ್ನು ಬರಿಗಣ್ಣಿಗೆ ತೋರಿಸಿದ ಹಾಗೆ ಅದು.

ಮತ್ತೆ ಆ ಖಾಲಿ ಹೊತ್ತು. ಅದನ್ನು ಬಿಟ್ಟರೆ ಕೃತಿ ಅರ್ಧವೇ. ತಾಳದಲ್ಲಿ ಪೆಟ್ಟು ಎಷ್ಟು ಮುಖ್ಯವೋ ಪೆಟ್ಟುಗಳ ನಡುವಿನ ಬಿಡುವೂ ಅಷ್ಟೇ ಮುಖ್ಯ, ಅಲ್ವಾ? ಓಟಗಾರ ಹೋದ ಮೇಲೆ ಹಜಾರ ಮೊದಲಿಗಿಂತ ಜಾಸ್ತಿ ಖಾಲಿಯಾಗಿ ಕಾಣುತ್ತದೆ. ಕಣ್ಣು ಮುಂದಿನವರಿಗಾಗಿ ಕಾಯುತ್ತದೆ.

ಒಬ್ಬ ಆಟಗಾರನ ಮೇಲಷ್ಟೇ ಕಣ್ಣಿಟ್ಟು ಕೂರುವ ಕಲೆ ಬೇರೆಯೂ ಇದೆ. ಡಗ್ಲಸ್ ಗಾರ್ಡನ್ ಮತ್ತು ಫಿಲಿಪ್ ಪರೇನೊ ಎಂಬ ಇಬ್ಬರು ಕಲಾವಿದರು ಒಂದು ಸಿನಿಮಾಕ್ಕಾಗಿ 2005ರ ಏಪ್ರಿಲ್ 23ರಂದು ಮ್ಯಾಡ್ರಿಡ್‌ನ ಬೆರ್ನಬೇವು ಮೈದಾನದಲ್ಲಿ 17 ಕ್ಯಾಮೆರಾಗಳನ್ನು ಇಟ್ಟು ಪಂದ್ಯವಿಡೀ ಫುಟ್‌ಬಾಲ್ ಆಟಗಾರ ಜಿನೆದಿನ್ ಜಿದಾನ್ ಒಬ್ಬರನ್ನೇ ಹಿಂಬಾಲಿಸಿದರು. ಚೆಂಡು ಎಲ್ಲಿದೆ ಅಂತ ಎಷ್ಟೋ ಹೊತ್ತು ಗೊತ್ತೇ ಆಗುವುದಿಲ್ಲ. ಬೆವರು, ಎಳೆದು ಹಾಕುವ ಕಾಲು, ಸುಮ್ನೆ ನಿಂತು ಕಾಯುವುದು, ಕೊನೆಗೆ ರೆಡ್ ಕಾರ್ಡ್. ನನಗೆ ಕ್ರೀಡ್ ಅವರ ಓಟವೇ ಇನ್ನೂ ಹತ್ತಿರ, ಯಾಕೆಂದರೆ ಅಲ್ಲಿ ಓಡಿದವರ ಹೆಸರು ತಿಳಿದು ಯಾರೂ ನೋಡೋಕೆ ಹೋಗಲಿಲ್ಲ.

ಕ್ರೀಡ್ ನಾಲ್ಕು ವರ್ಷದ ಮೇಲೆ ಇಂಥದ್ದನ್ನೇ, ಓಟದ ಬದಲು ಗಂಟೆಗಳಿಂದ, ಇನ್ನೂ ದೊಡ್ಡದಾಗಿ ಮಾಡಿದರು. ಲಂಡನ್ ಒಲಿಂಪಿಕ್ಸ್ ಶುರುವಾದ ದಿನ, 2012ರ ಜುಲೈ 27ರ ಬೆಳಗ್ಗೆ 8 ಗಂಟೆ 12 ನಿಮಿಷಕ್ಕೆ, ದೇಶದಲ್ಲಿರುವ ಗಂಟೆಗಳನ್ನೆಲ್ಲ ಮೂರು ನಿಮಿಷ ಆದಷ್ಟು ಬೇಗ, ಆದಷ್ಟು ಜೋರಾಗಿ ಬಾರಿಸಿ ಅಂತ ಜನರನ್ನು ಕರೆದರು. ಬಿಗ್ ಬೆನ್ ಬಾರಿಸಿತು. ಚರ್ಚುಗಳ ಗಂಟೆ ಬಾರಿಸಿದವು. ಗಂಟೆ ಇಲ್ಲದವರು ಸೈಕಲ್ಲಿನ ಬೆಲ್ಲನ್ನೋ ಮನೆ ಬಾಗಿಲಿನ ಬೆಲ್ಲನ್ನೋ ಒತ್ತಿದರು.