ಪದ ಪರಿಚಯ: ಬಳಕೆ ಹಕ್ಕು

ಬೆಳಗಾವಿ ಜಿಲ್ಲೆಯ ಹೊಲಗಳಲ್ಲಿ ಅನಿಲ ಕೊಳವೆ ಹೂಳುವ ಸುದ್ದಿ ಬಂದಾಗಲೆಲ್ಲ ತಲೆಬರಹದಲ್ಲಿ ಒಂದೇ ಪದ: ‘ಭೂಸ್ವಾಧೀನ’. ದಾಭೋಲ್–ಬೆಂಗಳೂರು ಕೊಳವೆಮಾರ್ಗ ಈ ಜಿಲ್ಲೆಯನ್ನು ಹಾದು 2013ರಲ್ಲೇ ಬೆಂಗಳೂರು ಮುಟ್ಟಿತು. ಪದವನ್ನು ತಿದ್ದಿಕೊಳ್ಳಲು ಇಷ್ಟು ವರ್ಷ ಸಾಲದೇ?

ಗೊಂದಲಕ್ಕೆ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆಯೂ ಕಾರಣ. ‘ಭೂಮಿಯಲ್ಲಿ ಬಳಕೆದಾರನ ಹಕ್ಕಿನ ಸ್ವಾಧೀನ’ ಎಂಬ ಮಾತು ಅದರ ಹೆಸರಿನಲ್ಲೇ ಇದೆ. ಸ್ವಾಧೀನವಾಗುವುದು ಈ ಬಳಕೆ ಹಕ್ಕು, ಎಂದರೆ ನೆಲದಡಿ ಕೊಳವೆ ಹೂಳಿ ನೋಡಿಕೊಳ್ಳುವ ಹಕ್ಕು; ಹೊಲವಲ್ಲ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ರೈತನ ಹೆಸರು ಹಾಗೆಯೇ ಉಳಿಯುತ್ತದೆ.

ಸ್ವಾಧೀನ ಎಂದರೆ ಸ್ವ, ಅಧೀನ, ತನ್ನ ಹಿಡಿತದಲ್ಲಿರುವುದು. ಪಾರ್ಶ್ವವಾಯು ಬಡಿದವರ ಕೈ ‘ಸ್ವಾಧೀನ ತಪ್ಪಿದೆ’ ಎನ್ನುತ್ತೇವೆ. ಕೈ ಅವರದೇ, ಹೇಳಿದಂತೆ ಕೇಳುವುದಿಲ್ಲ ಅಷ್ಟೇ. ಖರೀದಿಪತ್ರಗಳಲ್ಲಿ ‘ಮಾಲೀಕತ್ವ’ದ ಪಕ್ಕದಲ್ಲಿ ‘ಸ್ವಾಧೀನಾನುಭವ’ವನ್ನು ಬೇರೆಯಾಗಿ ಬರೆಯುವುದೂ ಇದಕ್ಕೇ. ಮುಂದೆ ‘ಭೂ’ ಸೇರಿಸಿ ಸರ್ಕಾರಿ ಕನ್ನಡ ಒಡೆತನವನ್ನೂ ಹಿಡಿತವನ್ನೂ ಒಂದೇ ಗಂಟಿಗೆ ಕಟ್ಟಿತು. ಕೊಳವೆ ಹಾದ ಹೊಲದಲ್ಲಿ ಆ ಗಂಟು ಬಿಚ್ಚಿಹೋಗುತ್ತದೆ. ಒಡೆತನ ಪೂರ್ತಿ ಉಳಿದು, ಹಿಡಿತ ಅರ್ಧವಾಗುತ್ತದೆ. ಜೋಳ, ಕಡಲೆ ಬಿತ್ತಬಹುದು. ಆದರೆ ಕೊಳವೆ ಹಾದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಒಂದು ಮಾವಿನ ಸಸಿಯನ್ನೂ ನೆಡುವಂತಿಲ್ಲ. ಸ್ವಾಧೀನ ತಪ್ಪಿದ ಕೈಗಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ.

ಇದನ್ನು ‘ಗುತ್ತಿಗೆ’ ಎನ್ನುವವರೂ ಇದ್ದಾರೆ. ಗುತ್ತಿಗೆಗೆ ಅವಧಿ ಇರುತ್ತದೆ, ವರ್ಷಾವರ್ಷ ಹಣ ಬರುತ್ತದೆ. ಇಲ್ಲಿ ಎರಡೂ ಇಲ್ಲ.

ಪದ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ‘ಭೂಸ್ವಾಧೀನ’ ಎಂದು ಓದಿದ ರೈತ ಎಕರೆಯ ಪೂರ್ತಿ ಬೆಲೆಗೆ ಕಾಯುತ್ತಾನೆ. ಕಾಯ್ದೆ ಕೊಡುವುದು ಆ ಪಟ್ಟಿಗೆ ಅಧಿಸೂಚನೆಯ ದಿನ ಇದ್ದ ಮಾರುಕಟ್ಟೆ ಬೆಲೆಯಲ್ಲಿ ಶೇ 10, ಅದರ ಮೇಲೆ ಆದ ನಷ್ಟ. ಆಕ್ಷೇಪಣೆಗೆ ಅಧಿಸೂಚನೆಯಿಂದ 21 ದಿನ. ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಆ ‘ನಷ್ಟ’ವನ್ನು ಬೆಳೆಗಷ್ಟೇ ಸೀಮಿತಗೊಳಿಸುವುದು ಇನ್ನೊಂದು ತಪ್ಪು. ಅಗೆಯುವಾಗ ಮೇಲಿನ ಎರೆಮಣ್ಣನ್ನೂ ಕೆಳಗಿನ ಗರಸನ್ನೂ (ಕಲ್ಲುಮಿಶ್ರಿತ ಗಡಸು ಮಣ್ಣು) ಬೇರೆ ಬೇರೆ ರಾಶಿ ಹಾಕಿ, ಗರಸು ಮೊದಲು, ಎರೆ ಆಮೇಲೆ ತುಂಬಬೇಕು. ಕಲಸಿ ಮುಚ್ಚಿದರೆ ಆ ಪಟ್ಟಿಯಲ್ಲಿ ಪೈರು ವರ್ಷಗಟ್ಟಲೆ ಸೊರಗುತ್ತದೆ. ಒಡೆದ ಬದುವನ್ನೂ ಹಳ್ಳದ ದಂಡೆಯನ್ನೂ ಗಟ್ಟಿಯಾಗಿ ಕಟ್ಟದಿದ್ದರೆ ಮೊದಲ ದೊಡ್ಡ ಮಳೆಗೆ ಅಗೆದ ಸಾಲೇ ಕಾಲುವೆಯಾಗಿ ಮಣ್ಣನ್ನು ಒಯ್ಯುತ್ತದೆ. ಸ್ಥಳದಲ್ಲೇ ನಷ್ಟ ನೋಡಿ ಬರೆಯುವ ಪಂಚನಾಮೆಯಲ್ಲಿ ‘ಬೆಳೆ ನಷ್ಟ’ ಎಂದಷ್ಟೇ ಇದ್ದರೆ ಅದು ಒಂದು ಹಂಗಾಮಿನ ಮಾತು. ಮಣ್ಣು, ಬದು, ಕಡಿದ ಮರಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿದ ಮೇಲೆಯೇ ಸಹಿ ಹಾಕಬೇಕು.